ಏಳು ವೋಲ್ಟು ಎಲ್ಲಿ ಹೋಯಿತು?

ಮುದ್ದೇಬಿಹಾಳ ತಾಲೂಕಿನ ವಾಚಕರೊಬ್ಬರು ಬರೆದ ನಾಲ್ಕು ಪುಟಗಳ ಪತ್ರವೊಂದು ಈ ವಾರ ನನ್ನ ಮೇಜಿನ ಮೇಲಿದೆ. ಅಕ್ಷರ ದುಂಡಗಿವೆ, ಭಾಷೆ ಸರಳವಾಗಿದೆ, ಸಂಕಟ ಮಾತ್ರ ನಿಜವಾದದ್ದು. ಅವರ ತಂಗಿ ಮಹಿಳಾ ಸಂಘದಿಂದ ಸಾಲವೆತ್ತಿ ಜವಾರಿ ಕೋಳಿ ಸಾಕಲು ಹೊರಟಿದ್ದಾರೆ. ಕಾವಿಗೆ ಕೂಡುವ ಹ್ಯಾಟೆಗಳು ಸಾಲದಾದುದರಿಂದ ಅಣ್ಣನಾದ ಇವರು ತತ್ತಿಗಳಿಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ತಾವೇ ಕಟ್ಟಿದ್ದಾರೆ. ಥರ್ಮೊಕೋಲಿನ ಗೋಡೆ, ಒಳಗೆ ಎರಡು ಬಲ್ಬು, ಗಾಳಿಯಾಡಿಸಲು ಸಣ್ಣದೊಂದು ಫ್ಯಾನು, ಉಷ್ಣತೆಯನ್ನು ಅಳೆಯುವ ಒಂದು ಸೆನ್ಸರು, ಆ ಅಳತೆಯನ್ನು ಓದಿ ರಿಲೇಯ ಮೂಲಕ ಬಲ್ಬುಗಳನ್ನು ಹೊತ್ತಿಸಿ ಆರಿಸುವ ಪುಟ್ಟದೊಂದು ಮೈಕ್ರೋಕಂಟ್ರೋಲರು. ಬರುವ ವಾರ ಅರವತ್ತು ತತ್ತಿಗಳನ್ನು ಕೊಂಡು ಇಡುವವರಿದ್ದಾರೆ. ಆದರೆ ಪೆಟ್ಟಿಗೆ ಅರ್ಧ ತಾಸು ಓಡುವಷ್ಟರಲ್ಲಿ 7805 ಎಂಬ ರೆಗ್ಯುಲೇಟರು ಮುಟ್ಟಲಾರದಷ್ಟು ಕಾಯುತ್ತದಂತೆ. ರಿಲೇ 'ಟಕ್' ಎಂದಾಗಲೆಲ್ಲ ಪರದೆಯ ಮೇಲೆ ಯಾವ ಲಿಪಿಗೂ ಸೇರದ ಅಕ್ಷರಗಳು ಮೂಡುತ್ತವಂತೆ. ಕೊನೆಗೆ ಅವರು ಕೇಳಿರುವ ಪ್ರಶ್ನೆ ಇದು: "ಹನ್ನೆರಡು ವೋಲ್ಟು ಕೊಟ್ಟರೆ ಐದು ವೋಲ್ಟು ಹೊರಗೆ ಬರುತ್ತದೆ. ಉಳಿದ ಏಳು ವೋಲ್ಟು ಎಲ್ಲಿ ಹೋಯಿತು? ಯಾವ ಭಾಗವನ್ನು ಕೊಂಡರೆ ನನ್ನ ಪೆಟ್ಟಿಗೆ ನೆಟ್ಟಗಾದೀತು?"

ಕನ್ನಡ ಎಂ.ಎ. ಮಾಡಿದವನಿಗೆ ಈ ಪ್ರಶ್ನೆಯನ್ನು ಏಕೆ ಕೇಳಬೇಕು ಎಂದು ಹೊಸ ವಾಚಕರಿಗೆ ಅನಿಸಿದರೆ ಅದು ಸಹಜವೇ. ಹಗಲು ಸಿಂದಗಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಪಾಠ ಹೇಳಿ, ರಾತ್ರಿ ಬೆಸುಗೆಯ ಹೊಗೆ ಕುಡಿಯುವ ಚಟ ನನಗೆ ಹತ್ತಿ ಹದಿನೈದು ವರ್ಷಗಳಾದವು. ವಿಜ್ಞಾನ ವಿಭಾಗದ ಮಿತ್ರರು ಇದನ್ನು ನೋಡಿ ನಗುತ್ತಾರೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಈ ಪ್ರಶ್ನೆಗೆ ಉತ್ತರ ಬರೆಯಲು ನನಗಿರುವ ಅರ್ಹತೆ ಪದವಿಯದಲ್ಲ. ಇದೇ ಪೆಟ್ಟಿಗೆಯನ್ನು ನಾನೂ ಕಟ್ಟಿದ್ದೆ, ಇದೇ ಎರಡು ತಪ್ಪುಗಳನ್ನು ಮಾಡಿದ್ದೆ. ಅದಕ್ಕೆ ತೆತ್ತ ಬೆಲೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಇಂಡಿ ತಾಲೂಕಿನ ಹಳ್ಳಿಯಲ್ಲಿರುವ ನನ್ನ ದೊಡ್ಡವ್ವ ಒಂದು ಬೇಸಗೆಯಲ್ಲಿ ನನ್ನ ಪೆಟ್ಟಿಗೆಯನ್ನು ಪರೀಕ್ಷಿಸಿ ನೋಡಲೆಂದು ಇಪ್ಪತ್ನಾಲ್ಕು ತತ್ತಿಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟು ಕಳಿಸಿಕೊಟ್ಟಿದ್ದಳು. ಜೊತೆಗೆ ಒಂದು ಮಾತನ್ನೂ ಕಳಿಸಿದ್ದಳು: "ಹ್ಯಾಟಿ ನಿದ್ದಿ ಮಾಡಿದ್ರೂ ಅದರ ಕಾವು ನಿದ್ದಿ ಮಾಡೂದಿಲ್ಲ ತಮ್ಮಾ. ನಿನ್ನ ಪೆಟಗಿ ನಿದ್ದಿ ಮಾಡದಂಗ ನೋಡ್ಕೋ." ಕೋಳಿಯ ತತ್ತಿಗೆ ಇಪ್ಪತ್ತೊಂದು ದಿನಗಳ ಕಾವು ಬೇಕು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಉಷ್ಣತೆ 37.5 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಸ್ವಲ್ಪ ಹೊತ್ತು ಕಡಿಮೆಯಾದರೆ ಭ್ರೂಣ ಸಹಿಸಿಕೊಳ್ಳುತ್ತದೆ. ಹ್ಯಾಟೆಯೂ ಕಾಳು ತಿನ್ನಲೆಂದು ಆಗಾಗ ಗೂಡು ಬಿಟ್ಟು ಏಳುವುದಷ್ಟೆ. ಹೆಚ್ಚಾದರೆ ಸಹಿಸಿಕೊಳ್ಳುವುದಿಲ್ಲ. ಏಳನೆಯ ದಿನ ರಾತ್ರಿ ದೀಪವಾರಿಸಿ ಒಂದೊಂದು ತತ್ತಿಯನ್ನೂ ಬ್ಯಾಟರಿಯ ಬೆಳಕಿಗೆ ಹಿಡಿದು ನೋಡಿದೆ. ಹತ್ತೊಂಬತ್ತರಲ್ಲಿ ಜೇಡನ ಬಲೆಯಂಥ ಕೆಂಪು ನರಗಳು ಹರಡಿದ್ದವು. ನಡುವೆ ಕರಿಯ ಚುಕ್ಕೆಯೊಂದು ಅಲುಗುತ್ತಿತ್ತು. ನನ್ನ ಹೆಂಡತಿ ಅದನ್ನು ನೋಡಿದ ಮೇಲೆ ನನ್ನ ಬೆಸುಗೆಯ ಹೊಗೆಯನ್ನು ಕುರಿತು ಎರಡು ದಿನ ಏನೂ ಆಡಲಿಲ್ಲ.

ಆ ಪೆಟ್ಟಿಗೆಯಲ್ಲೂ 7805 ಕಾಯುತ್ತಿತ್ತು. ಎಂಟನೆಯ ದಿನ ಪರದೆ ಎರಡು ಬಾರಿ ಆರಿ ಹೊತ್ತಿತು. ದೋಷ ಅಲ್ಲಿಯೇ ಇರಬೇಕೆಂದು ಭಾವಿಸಿ, ವಿಜಯಪುರಕ್ಕೆ ಹೋಗಿ ಇನ್ನೊಂದು 7805ನ್ನು ತಂದು ಹಾಕಿ, ಸಮಾಧಾನದಿಂದ ಮಲಗಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಬಲ್ಬುಗಳೆರಡೂ ಧಗಧಗ ಉರಿಯುತ್ತಿವೆ, ಉಷ್ಣತಾಮಾಪಕದಲ್ಲಿ 43 ಡಿಗ್ರಿ. ಪರದೆಯ ಮೇಲೆ ಮಾತ್ರ 'ಬಲ್ಬು ಆರಿದೆ' ಎಂದು ಇತ್ತು! ನಿಯಂತ್ರಕನು ಆರಿಸು ಎಂದು ಅಪ್ಪಣೆ ಕೊಟ್ಟಿದ್ದಾನೆ, ಆ ಅಪ್ಪಣೆ ಬಲ್ಬಿನ ತನಕ ತಲುಪಿಯೇ ಇಲ್ಲ. ಸಾಯಂಕಾಲ ಮತ್ತೆ ಬೆಳಕಿಗೆ ಹಿಡಿದಾಗ ಹತ್ತೊಂಬತ್ತರಲ್ಲಿ ಒಂದರೊಳಗೂ ಚಲನೆಯಿರಲಿಲ್ಲ. ದೊಡ್ಡವ್ವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಹಂತಕನನ್ನು ಹಿಡಿದುಕೊಟ್ಟವನು ನಾನಲ್ಲ. ಬಸವನ ಬಾಗೇವಾಡಿಯ ಕಡೆಯಿಂದ ಬಂದು ನಮ್ಮಲ್ಲಿ ಬಿ.ಎ. ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಹಳೆಗನ್ನಡದ ಟಿಪ್ಪಣಿ ಕೇಳಲು ಮನೆಗೆ ಬಂದಿದ್ದ. ಅವನ ತಂದೆ ಪಂಪುಸೆಟ್ಟಿನ ಮೋಟಾರು ಸುತ್ತುವವರು. ಪೆಟ್ಟಿಗೆಯ ಫಲಕವನ್ನು ಅತ್ತಿತ್ತ ತಿರುವಿ ನೋಡಿ ಹುಡುಗ ಕೇಳಿದ:

"ಸರ, ರಿಲೇ ಕಾಯಿಲಿಗೆ ಅಡ್ಡ ಡಯೋಡ ಎಲ್ಲೈತ್ರಿ?"

"ಹಾಕಿಲ್ಲ. ಇಷ್ಟು ಸಣ್ಣ ಕಾಯಿಲಿಗೆ ಏಕೆ ಬೇಕು?"

"ಸಣ್ಣದಿರಲಿ ದೊಡ್ಡದಿರಲಿ, ಕಾಯಿಲ ಬಿಡೂ ಮುಂದ ಹೊಡೀತೈತ್ರಿ ಸರ. ನಮ್ಮಪ್ಪ ಯಾವಾಗ್ಲೂ ಹೇಳ್ತಾರ."

ಮಲ್ಟಿಮೀಟರಿನ ಕಡ್ಡಿಗಳನ್ನು ಟ್ರಾನ್ಸಿಸ್ಟರಿನ ಕಲೆಕ್ಟರಿಗೂ ಎಮಿಟರಿಗೂ ಇಟ್ಟಾಗ ಅದು 'ಕುಂಯ್' ಎಂದು ಕೂಗಿತು. ವಿದ್ಯುತ್ತೇ ಇಲ್ಲದೆ ಬಿದ್ದಿದ್ದ ಟ್ರಾನ್ಸಿಸ್ಟರು ಒಳಗೊಳಗೇ ಸುಟ್ಟು ಒಂದು ತಂತಿಯ ತುಂಡಿನಂತಾಗಿತ್ತು. ಬಾಗಿಲು ಕಾಯುವವನು ಸತ್ತರೆ ಬಾಗಿಲು ಮುಚ್ಚಿಕೊಳ್ಳುತ್ತದೆಂದು ನಾವು ಎಣಿಸುತ್ತೇವೆ. ಟ್ರಾನ್ಸಿಸ್ಟರು ಸಾಮಾನ್ಯವಾಗಿ ಬಾಗಿಲು ತೆರೆದಿಟ್ಟು ಸಾಯುತ್ತದೆ. ನಾನು ಎರಡು ದಿನ ಶಪಿಸಿದ್ದು ರೆಗ್ಯುಲೇಟರನ್ನು, ಕೊಂದದ್ದು ಬೇರೊಂದು.

ಆದ್ದರಿಂದ ಮುದ್ದೇಬಿಹಾಳದ ಮಿತ್ರರಿಗೆ ನನ್ನ ಮೊದಲ ಬಿನ್ನಹ: ತತ್ತಿಗಳನ್ನು ಈಗಲೇ ಕೊಳ್ಳಬೇಡಿ. ಪೆಟ್ಟಿಗೆಯಲ್ಲಿ ಎರಡು ಬೇರೆಬೇರೆ ಕಾಯಿಲೆಗಳಿವೆ. ಒಂದೊಂದಾಗಿ ನೋಡೋಣ. ಕೇವಲ ಧಾರಾವಾಹಿಗಾಗಿ ಈ ಸಂಚಿಕೆಯನ್ನು ಕೊಂಡವರು ಪುಟ ತಿರುವಬಹುದು, ನನ್ನ ಅಭ್ಯಂತರವಿಲ್ಲ.

ಏಳು ವೋಲ್ಟು ಎಲ್ಲಿಗೂ ಹೋಗಿಲ್ಲ, ಅಲ್ಲಿಯೇ ಶಾಖವಾಗಿದೆ. ಬಸವನ ಬಾಗೇವಾಡಿಯ ಸೀಮೆಯವರು ಆಲಮಟ್ಟಿಯ ಅಣೆಕಟ್ಟನ್ನು ನೆನಪಿಗೆ ತಂದುಕೊಳ್ಳಲಿ. ಮಳೆಗಾಲದಲ್ಲಿ ಅದರ 26 ಗೇಟುಗಳಿಂದ ಕೃಷ್ಣೆ ಧುಮ್ಮಿಕ್ಕುವಾಗ ಆ ಎತ್ತರದ ಶಕ್ತಿಯೆಲ್ಲ ನೊರೆಯಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಅದೇ ನೀರು ಪಕ್ಕದ ವಿದ್ಯುದಾಗಾರದ ಯಂತ್ರಗಳ ಮೂಲಕ ಇಳಿದರೆ 290 ಮೆಗಾವ್ಯಾಟಿನವರೆಗೆ ವಿದ್ಯುತ್ತು ಹುಟ್ಟುತ್ತದೆ. ನೀರು ಕೆಳಗೆ ಇಳಿದದ್ದು ಎರಡು ಕಡೆಗೂ ಒಂದೇ, ಇಳಿಸಿದ ಬಗೆ ಮಾತ್ರ ಬೇರೆ. 7805 ಎಂಬುದು ಗೇಟಿನ ಜಾತಿಯದು. ಹೆಚ್ಚಿನ ವೋಲ್ಟನ್ನು ತನ್ನ ಮೈಮೇಲೆ ಸುರಿದುಕೊಂಡು, ಕಾದು, ಹೊರಗೆ ಐದನ್ನು ಮಾತ್ರ ಶಾಂತವಾಗಿ ಬಿಡುತ್ತದೆ. ಎಷ್ಟು ಕಾಯುತ್ತದೆಂಬ ಲೆಕ್ಕ ಪ್ರಾಥಮಿಕ ಶಾಲೆಯದು. ಒಳಗೂ ಹೊರಗೂ ಇರುವ ವೋಲ್ಟಿನ ವ್ಯತ್ಯಾಸವನ್ನು ಹರಿಯುವ ಆಂಪಿಯರಿನಿಂದ ಗುಣಿಸಿದರೆ ವ್ಯಾಟು ಸಿಗುತ್ತದೆ. ಪತ್ರದಲ್ಲಿ ಕೊಟ್ಟಿರುವಂತೆ ಫಲಕ, ಪರದೆ, ವೈಫೈ ಎಲ್ಲ ಸೇರಿ 0.4 ಆಂಪಿಯರು. ಏಳನ್ನು 0.4ರಿಂದ ಗುಣಿಸಿದರೆ 2.8 ವ್ಯಾಟು.

ಎರಡು ಮುಕ್ಕಾಲು ವ್ಯಾಟು ಏನು ಮಹಾ ಎನ್ನಬೇಡಿ. ಶಾಖ ಚದುರಿಸುವ ಲೋಹದ ರೆಕ್ಕೆಯಿಲ್ಲದೆ ಬರಿಮೈಯಲ್ಲಿ ನಿಂತ 7805, ಒಂದೊಂದು ವ್ಯಾಟಿಗೆ ಸುಮಾರು 65 ಡಿಗ್ರಿಯಷ್ಟು ಒಳಗೆ ಕಾಯುತ್ತದೆ. ಹಾಗಾದರೆ ಏರಿಕೆಯೊಂದೇ 182 ಡಿಗ್ರಿ. ಅದಕ್ಕೆ ನಮ್ಮ ಬೇಸಗೆಯ ನಲವತ್ತನ್ನು ಕೂಡಿಸಿ! ಅದರ ಒಳಗಿನ ಹರಳು ತಡೆಯಬೇಕಾದದ್ದು 125 ಡಿಗ್ರಿ. 150ರ ಸುಮಾರಿಗೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ತೆರೆಯುತ್ತದೆ. ನಿಮ್ಮ ಪರದೆ ಆರಿ ಹೊತ್ತುವುದರ ಗುಟ್ಟು ಇದೇ. ಹೊಸ 7805 ಹಾಕಿದರೂ ಇದೇ ಆಗುವುದು. ನಾನು ವಿಜಯಪುರಕ್ಕೆ ಕೊಟ್ಟ ಬಸ್ಸಿನ ಚಾರ್ಜು ದಂಡವಾದದ್ದು ಹೀಗೆ. ರೆಕ್ಕೆಯಿಲ್ಲದೆ ನಮ್ಮ ಸೆಕೆಯಲ್ಲಿ ಅದು ಹೊರಬಲ್ಲುದು ಒಂದೇಕಾಲು ವ್ಯಾಟು ಮಾತ್ರ. ಸಾಧಾರಣ ಗಾತ್ರದ ಅಲ್ಯೂಮಿನಿಯಮ್ ರೆಕ್ಕೆಯನ್ನು ತಿರುಪಿನಿಂದ ಬಿಗಿದು, ನಡುವೆ ಬಿಳಿಯ ಲೇಪನ ಹಚ್ಚಿ, ಪೆಟ್ಟಿಗೆಯ ಹೊರಗೆ ನಿಲ್ಲಿಸಿದರೆ ನಿಮ್ಮ 2.8 ವ್ಯಾಟನ್ನು ಅದು ನಿರಾಯಾಸವಾಗಿ ಹೊತ್ತೀತು. ಹೊರಗೆ ಎಂದದ್ದನ್ನು ಗಮನಿಸಿರಿ. ನಾನು ಅದನ್ನು ತತ್ತಿಗಳ ಪಕ್ಕದಲ್ಲೇ ಇಟ್ಟಿದ್ದೆ. ಅದೂ ಸ್ವಲ್ಪ ಕಾವು ಕೊಡಲಿ ಎಂಬ ಜಿಪುಣತನ!

ಗೇಟನ್ನು ಬಿಟ್ಟು ಇನ್ನೊಂದು ದಾರಿ ಹಿಡಿಯಬಹುದು. ಎಲ್‌ಎಂ 2596 ಎಂಬ ಹೆಸರಿನ ಭಾಗವಿರುವ ಸಿದ್ಧ ಫಲಕಗಳು ಈಗ ಎಲ್ಲೆಡೆ ದೊರೆಯುತ್ತವೆ. ಇದು ವಿದ್ಯುತ್ತನ್ನು ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಬಿಟ್ಟು ತಡೆದು, ಬಿಟ್ಟು ತಡೆದು, ಸುರುಳಿಯೊಂದರಲ್ಲಿ ಕೂಡಿಟ್ಟು ಬೇಕಾದಷ್ಟನ್ನೇ ಅಳೆದು ಕೊಡುತ್ತದೆ. ಕೊಟ್ಟ ಶಕ್ತಿಯಲ್ಲಿ ಶೇಕಡ 80ರಷ್ಟು ಕೆಲಸಕ್ಕೆ ಬರುತ್ತದೆ. ನಿಮ್ಮ ಎರಡು ವ್ಯಾಟಿನ ಕೆಲಸಕ್ಕೆ ಅರ್ಧ ವ್ಯಾಟು ಮಾತ್ರ ನಷ್ಟ, ಬೆರಳಿಟ್ಟರೆ ಉಗುರುಬೆಚ್ಚಗಿರುತ್ತದೆ. ನಿಮ್ಮ ಪೆಟ್ಟಿಗೆಗೆ ನಾನು ಶಿಫಾರಸು ಮಾಡುವುದು ಇದನ್ನೇ. ಆದರೆ ಅದರ ಮೇಲಿನ ಹಿತ್ತಾಳೆಯ ಸಣ್ಣ ತಿರುಪನ್ನು ತಿರುವಿ, ಮಲ್ಟಿಮೀಟರಿನಲ್ಲಿ ಐದು ವೋಲ್ಟನ್ನು ಕಣ್ಣಾರೆ ಕಂಡ ಮೇಲೆಯೇ ಫಲಕವನ್ನು ಜೋಡಿಸಿರಿ. ಅಂಗಡಿಯಿಂದ ಬಂದಾಗ ಅದು ಎಷ್ಟಕ್ಕೆ ನಿಂತಿರುತ್ತದೆಂಬುದು ದೇವರಿಗೇ ಗೊತ್ತು. ರೇಡಿಯೋ ಕಟ್ಟುವವರೂ ಧ್ವನಿವರ್ಧಕ ಕಟ್ಟುವವರೂ ಮಾತ್ರ ಹಳೆಯ ಗೇಟಿನ ಜಾತಿಯನ್ನೇ ನೆಚ್ಚಬೇಕು. ಈ ಬಿಟ್ಟು ತಡೆಯುವ ಜಾತಿಯ ಕಿರಿಕಿರಿ ಮೀಡಿಯಂ ವೇವಿನಲ್ಲಿ ಜೀರುಂಡೆಯಂತೆ ಕೇಳಿಸುತ್ತದೆ.

ಇನ್ನೆರಡು ಹೆಸರುಗಳು ಕಿವಿಗೆ ಬೀಳುವುದುಂಟು. ಎಲ್‌ಎಂ 317 ಎಂಬುದು 1976ರಲ್ಲಿ ರಾಬರ್ಟ್ ಡಾಬ್ಕಿನ್ ರೂಪಿಸಿದ್ದು, ಈಗಲೂ ಮಾರಾಟವಾಗುತ್ತಿದೆ. ಎರಡು ರೋಧಕಗಳಿಂದ ಬೇಕಾದ ವೋಲ್ಟನ್ನು ಪಡೆಯಬಹುದು. ಒಂದು 240 ಓಮ್, ಇನ್ನೊಂದು 720 ಓಮ್ ಆದರೆ ಸರಿಯಾಗಿ ಐದು ವೋಲ್ಟು. ಆದರೆ ಅದೂ ಗೇಟೇ, ಕಾಯುವುದರಲ್ಲಿ 7805ರ ಸೋದರನೇ. ಒಂದು ಭೇದವಿದೆ: 7805ರ ಬೆನ್ನಿನ ಲೋಹ ನೆಲಕ್ಕೆ, ಎಂದರೆ ಋಣ ತಂತಿಗೆ, ಸೇರಿದೆ. 317ರ ಬೆನ್ನು ಹೊರಬರುವ ವೋಲ್ಟಿಗೇ ಸೇರಿದೆ. ಎರಡನ್ನೂ ಒಂದೇ ಲೋಹದ ತಗಡಿಗೆ ಅಭ್ರಕದ ಹಾಳೆಯಿಲ್ಲದೆ ಬಿಗಿದವರಿಗೆ ಕಿಡಿ ಕಾಣುತ್ತದೆ. ಇನ್ನು ಎಎಂಎಸ್ 1117. ಒಳಗೂ ಹೊರಗೂ ಒಂದೂಕಾಲು ವೋಲ್ಟಿನ ಅಂತರವಿದ್ದರೂ ಸಾಕೆಂಬುದು ಇದರ ಗುಣ. 7805ಕ್ಕೆ ಎರಡು ವೋಲ್ಟಾದರೂ ಬೇಕು. ಆದರೆ 15 ವೋಲ್ಟಿಗಿಂತ ಹೆಚ್ಚನ್ನು ಇದು ತಾಳದು. ಇದನ್ನು ನಮ್ಮ ಹಳ್ಳಿಗಳಲ್ಲಿ ಬಳಸುವವರು ಮುಂದಿನ ಮಾತನ್ನು ಓದಿಯೇ ತೀರಬೇಕು.

ಪುಸ್ತಕದಲ್ಲಿ 230 ಎಂದಿರುವ ವೋಲ್ಟು ನಮ್ಮ ಮನೆಗಳಲ್ಲಿ 230 ಆಗಿರುವುದು ಅಪರೂಪ. ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಸ್ಥಾವರವಿದೆ, ಆಲಮಟ್ಟಿಯಿದೆ. ದೀಪದ ಬುಡದಲ್ಲಿ ಕತ್ತಲೆಯೆಂಬಂತೆ, ಹೊಲದ ಪಂಪುಗಳೆಲ್ಲ ಒಮ್ಮೆಗೇ ಎದ್ದಾಗ ತಂತಿಯ ಕೊನೆಯ ಮನೆಯಲ್ಲಿ ವೋಲ್ಟು 170ಕ್ಕೂ ಇಳಿಯುವುದನ್ನು ನಾನು ಅಳೆದು ನೋಡಿದ್ದೇನೆ. ನಡುರಾತ್ರಿ ಪಂಪು ನಿಂತ ಮೇಲೆ 250ನ್ನೂ ಕಂಡಿದ್ದೇನೆ. ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ನಾಲ್ಕು ಡಯೋಡು, ಒಂದು ಕೆಪ್ಯಾಸಿಟರು ಜೋಡಿಸಿ ನಾವು ಪಡೆಯುವುದು ಹನ್ನೆರಡಲ್ಲ. ಶಿಖರದ ಲೆಕ್ಕ ಹಿಡಿದರೆ ಹದಿನೈದೂವರೆ. ರಾತ್ರಿ 250 ಆದಾಗ, ಹೊರೆಯಿಲ್ಲದ ಹೊತ್ತಿನಲ್ಲಿ, ಅದು ಇಪ್ಪತ್ತರವರೆಗೂ ಏರಬಹುದು. ಎಎಂಎಸ್ 1117 ಆ ರಾತ್ರಿಯೇ ತೀರಿಕೊಳ್ಳುತ್ತದೆ. ಅದೇ 170 ಆದಾಗ ಹನ್ನೊಂದಕ್ಕೆ ಇಳಿಯುತ್ತದೆ. ಕೆಪ್ಯಾಸಿಟರು ಚಿಕ್ಕದಾಗಿದ್ದರೆ ಅಲೆಯ ತಗ್ಗು ಇನ್ನೂ ಆಳ. ಅರ್ಧ ಆಂಪಿಯರಿನ ಹೊರೆಗೆ 1000 ಮೈಕ್ರೋಫ್ಯಾರಡ್ ಇದ್ದರೆ ಐದು ವೋಲ್ಟಿನ ತಗ್ಗು ಬಿದ್ದು 7805ಕ್ಕೆ ಬೇಕಾದ ಏಳೂ ಸಿಗುವುದಿಲ್ಲ. 2200 ಹಾಕಿದರೆ ತಗ್ಗು ಎರಡೂಕಾಲರ ಸುಮಾರಿಗೆ ಬಂದು ಗಂಡಾಂತರ ಕಳೆಯುತ್ತದೆ. ಅದು 35 ವೋಲ್ಟು ತಾಳುವಂಥದ್ದಿರಲಿ. ಮುದ್ದೇಬಿಹಾಳದವರು ಸಿದ್ಧ ಅಡಾಪ್ಟರು ಬಳಸುತ್ತಿರುವುದರಿಂದ ಈ ಕಾಟ ಅವರಿಗಿಲ್ಲ. ಒಳ್ಳೆಯ ಅಡಾಪ್ಟರು ಈ ಏರಿಳಿತವನ್ನೆಲ್ಲ ನುಂಗಿಕೊಳ್ಳುತ್ತದೆ.

ಮೊದಲ ಕಾಯಿಲೆಯ ಮಾತು ಇಷ್ಟು. ಕೊಲ್ಲುವುದು ಎರಡನೆಯದು.

ನಿಯಂತ್ರಕದ ಕಾಲೊಂದರಿಂದ ನೆಮ್ಮದಿಯಾಗಿ ಪಡೆಯಬಹುದಾದ ಪ್ರವಾಹ 20 ಮಿಲಿ ಆಂಪಿಯರು. ಐದು ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿ 70 ಮಿಲಿ ಆಂಪಿಯರು ಬೇಡುತ್ತದೆ, ಹನ್ನೆರಡು ವೋಲ್ಟಿನದಾದರೆ 30. ಮಂತ್ರಿಯ ಮಾತನ್ನು ದಂಡಿಗೆ ಮುಟ್ಟಿಸುವ ದಳಪತಿಯಂತೆ ನಡುವೆ ಟ್ರಾನ್ಸಿಸ್ಟರು ಬೇಕಾಗುವುದು ಇದಕ್ಕೆ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ಕೂಸು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಬಿ.ಇ.ಎಲ್. ಸಂಸ್ಥೆ 1962ರಲ್ಲೇ ಜರ್ಮೇನಿಯಮ್ಮಿನ ಅರೆವಾಹಕಗಳನ್ನು ತಯಾರಿಸತೊಡಗಿತ್ತು. ಹಳೆಯ ಕಾಲೇಜುಗಳ ಪ್ರಯೋಗಶಾಲೆಯ ಡ್ರಾಯರುಗಳಲ್ಲಿ ಟೊಪ್ಪಿಗೆಯಿಟ್ಟ ಎಸ್‌ಎಲ್ 100 ಈಗಲೂ ಹುಡುಕಿದರೆ ಸಿಗುತ್ತದೆ. ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 30 ಮಿಲಿ ಆಂಪಿಯರಿಗೆ ಬಿಸಿ 547 ಸಾಕು, ಅದರ ಮಿತಿ ನೂರು. 70 ಆದರೆ ಮಿತಿಗೆ ತೀರ ಹತ್ತಿರವಾಯಿತು. ಬಿಸಿ 337 ಅಥವಾ 2ಎನ್ 2222 ತೆಗೆದುಕೊಳ್ಳಿರಿ, ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ.

ಬೇಸಿನ ರೋಧಕವನ್ನು ಆರಿಸುವುದರಲ್ಲಿ ಜಿಪುಣತನ ಮಾಡಬಾರದು. ಟ್ರಾನ್ಸಿಸ್ಟರಿನ ವರ್ಧನೆ ಇನ್ನೂರು, ಮುನ್ನೂರು ಎಂದು ಕೈಪಿಡಿಯಲ್ಲಿ ಓದಿ, ಬೇಸಿಗೆ ಚೂರೇ ಪ್ರವಾಹ ಕೊಡುವವರಿದ್ದಾರೆ. ಆ ಅಂಕಿ ಹಾಡಿನ ಧ್ವನಿಯನ್ನು ಹಿಗ್ಗಿಸುವಾಗಿನದು. ಸ್ವಿಚ್ಚಿನಂತೆ ಪೂರ್ತಿ ತೆರೆಯಬೇಕಾದಾಗ, ಕಲೆಕ್ಟರಿನ ಪ್ರವಾಹದ ಹತ್ತನೆಯ ಒಂದು ಭಾಗವನ್ನಾದರೂ ಬೇಸಿಗೆ ಕೊಡಬೇಕು. ಮೂವತ್ತಕ್ಕೆ ಮೂರು. ಐದು ವೋಲ್ಟಿನಲ್ಲಿ ಬೇಸು 0.7ನ್ನು ತಾನೇ ಇಟ್ಟುಕೊಳ್ಳುವುದರಿಂದ ಉಳಿದ 4.3ಕ್ಕೆ ಒಂದು ಕಿಲೋ ಓಮಿನ ರೋಧಕ ಹಾಕಿದರೆ 4.3 ಮಿಲಿ ಆಂಪಿಯರು ಹರಿಯುತ್ತದೆ. ಕಾಲೂ ಸುರಕ್ಷಿತ, ಟ್ರಾನ್ಸಿಸ್ಟರೂ ಪೂರ್ತಿ ತೆರೆದಿರುತ್ತದೆ. ಅರೆಬರೆ ತೆರೆದ ಟ್ರಾನ್ಸಿಸ್ಟರು 7805ರಂತೆಯೇ ಕಾಯತೊಡಗುತ್ತದೆ.

ಈಗ ಆ ಡಯೋಡು. ಸುರುಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತು ತುಂಬು ಬಂಡಿಯಂತೆ. ತಟ್ಟನೆ ನಿಲ್ಲು ಎಂದರೆ ನಿಲ್ಲಲಾರದು, ಎದುರಿಗಿದ್ದುದನ್ನು ಗುದ್ದುತ್ತದೆ. ಹಳೆಯ ಟ್ಯೂಬ್‌ಲೈಟಿನ ಚೋಕು ದೀಪ ಹೊತ್ತಿಸುವುದು ಈ ಗುದ್ದಿನಿಂದಲೇ. ಅಲ್ಲಿ ಅದು ಸೇವಕ, ಇಲ್ಲಿ ಕಳ್ಳ. ಹನ್ನೆರಡು ವೋಲ್ಟಿನ ರಿಲೇ ಬಿಡುವಾಗ ಕ್ಷಣಮಾತ್ರ ನೂರು ವೋಲ್ಟನ್ನೂ ಮೀರಿ ಒದೆಯಬಲ್ಲುದು. ಬಿಸಿ 547ರ ತಾಳಿಕೆ 45. ಮೊದಲ ಒದೆಗೇ ಸಾಯುವುದಿಲ್ಲ, ನನ್ನದು ಒಂಬತ್ತು ದಿನ ಬದುಕಿತ್ತು. ನಿಮ್ಮ ಪರದೆಯ ಮೇಲೆ ಮೂಡುವ ವಿಚಿತ್ರ ಅಕ್ಷರಗಳು ಆ ಒದೆಯ ಸದ್ದು. ಟ್ರಾನ್ಸಿಸ್ಟರು ಇನ್ನೂ ಜೀವದಿಂದಿದೆ ಎಂಬುದಷ್ಟೇ ಸಮಾಧಾನ. 1ಎನ್ 4007 ಎಂಬ ಕರಿಯ ಕಾಳಿನಷ್ಟು ಡಯೋಡನ್ನು ಸುರುಳಿಯ ಎರಡು ಕೊನೆಗಳಿಗೆ ಅಡ್ಡಲಾಗಿ ಹಾಕಿರಿ. ಬೆಳ್ಳಿಯ ಪಟ್ಟಿಯಿರುವ ತುದಿ ಧನ ತಂತಿಯ ಕಡೆಗಿರಲಿ. ಒದೆ ಬಂದಾಗ ಅದು ಸುರುಳಿಯೊಳಗೇ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ತಿರುಗುಮುರುಗಾಗಿ ಹಾಕಿದರೆ ರಿಲೇ ಎಳೆಯಬೇಕಾದ ಕ್ಷಣದಲ್ಲೇ ಡಯೋಡೂ ಟ್ರಾನ್ಸಿಸ್ಟರೂ ಕೂಡಿಯೇ ಹೋಗುತ್ತವೆ, ಪಟ್ಟಿಯನ್ನು ಎರಡು ಸಲ ನೋಡಿರಿ. ಇದಕ್ಕೆ ತಗಲುವ ಖರ್ಚು ಒಂದೆರಡು ರೂಪಾಯಿ. ನನ್ನ ಹತ್ತೊಂಬತ್ತು ಮರಿಗಳ ಲೆಕ್ಕವನ್ನು ಇದರ ಪಕ್ಕದಲ್ಲಿ ಬರೆದುಕೊಂಡರೆ ಮರೆಯುವುದಿಲ್ಲ.

ತತ್ತಿ ಹೊರಳಿಸುವ ಮೋಟಾರು, ಫ್ಯಾನು, ಎರಡು ಮೂರು ರಿಲೇ ಎಂದು ಬೆಳೆಸುವ ಮನಸ್ಸಿದ್ದರೆ ಯುಎಲ್‌ಎನ್ 2003 ಎಂಬ ಹದಿನಾರು ಕಾಲಿನ ಭಾಗವನ್ನು ಕೊಳ್ಳಿರಿ. ಸಿಡ್ನಿ ಡಾರ್ಲಿಂಗ್ಟನ್ ಎಂಬಾತ 1953ರಲ್ಲಿ ಕಂಡುಹಿಡಿದ ಜೋಡಿ ಟ್ರಾನ್ಸಿಸ್ಟರುಗಳು ಅದರಲ್ಲಿ ಏಳಿವೆ. ಬೇಸಿನ ರೋಧಕಗಳೂ ಡಯೋಡುಗಳೂ ಒಳಗೇ ಇವೆ. ಆದರೆ ಆ ಡಯೋಡುಗಳು ಕೆಲಸ ಮಾಡಬೇಕಾದರೆ ಒಂಬತ್ತನೆಯ ಕಾಲನ್ನು ರಿಲೇಯ ಧನ ತಂತಿಗೆ ಸೇರಿಸಬೇಕು. ಅದನ್ನು ಗಾಳಿಯಲ್ಲಿ ಬಿಟ್ಟು, ಡಯೋಡಿದೆಯೆಂದು ನೆಮ್ಮದಿಯಿಂದ ಮಲಗಿದವರನ್ನು ನಾನು ಬಲ್ಲೆ.

ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿದೆ. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯಲೆಂದು 40 ವ್ಯಾಟಿನ ಹನ್ನೆರಡು ವೋಲ್ಟು ಹೀಟರನ್ನು ಐಆರ್‌ಎಫ್ 540 ಎಂಬ ಮಾಸ್‌ಫೆಟ್ಟಿಗೆ ಕಟ್ಟಿದ್ದಾರಂತೆ. ಹೀಟರು ಸರಿಯಾಗಿ ಕಾಯದೆ ಮಾಸ್‌ಫೆಟ್ಟೇ ಕಾಯುತ್ತದಂತೆ. ಭಾಗ ಕೆಟ್ಟಿಲ್ಲ, ಆಯ್ಕೆ ತಪ್ಪಿದೆ. 540 ಪೂರ್ತಿ ತೆರೆಯಬೇಕಾದರೆ ಅದರ ಗೇಟಿಗೆ ಹತ್ತು ವೋಲ್ಟು ಬೇಕು. ನಿಮ್ಮ ನಿಯಂತ್ರಕ ಕೊಡುವುದು ಐದು. ಅರ್ಧ ತೆರೆದ ಬಾಗಿಲಿನಲ್ಲಿ ನೂಕುನುಗ್ಗಲಾಗಿ ಚೌಕಟ್ಟೇ ಬಿಸಿಯಾಗುತ್ತಿದೆ. ಐಆರ್‌ಎಲ್‌ಜೆಡ್ 44 ಎನ್ ಕೇಳಿ ಪಡೆಯಿರಿ. ಹೆಸರಿನ ನಡುವಣ 'ಎಲ್' ಅಕ್ಷರವೇ ಅದರ ಕುಲ. ಐದು ವೋಲ್ಟಿಗೇ ಅದು ತೆರೆದು, 3.3 ಆಂಪಿಯರಿಗೆ ಕಾಲು ವ್ಯಾಟಿನಷ್ಟು ಮಾತ್ರ ಕಾಯುತ್ತದೆ, ರೆಕ್ಕೆಯೂ ಬೇಡ. ಟಿಪ್ 122 ಹಾಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೂರು ಆಂಪಿಯರಿನಲ್ಲಿ ಅದು ಎರಡು ವೋಲ್ಟಿನವರೆಗೂ ತಾನೇ ತಿಂದು ಆರು ವ್ಯಾಟು ಕಾಯಬಹುದು. ಗೇಟಿನಿಂದ ನೆಲಕ್ಕೆ ಹತ್ತು ಕಿಲೋ ಓಮಿನ ರೋಧಕವೊಂದನ್ನು ಮರೆಯದೆ ಹಾಕಿರಿ. ನಿಯಂತ್ರಕ ನಿದ್ದೆಯಿಂದೇಳುವ ಕ್ಷಣದಲ್ಲಿ ಗೇಟು ಅನಾಥವಾಗಿ ತೇಲಬಾರದು. ಕೊಳ್ಳುವಾಗ ಹೆಸರು ಅಳಿಸಿ ಬರೆದಂತಿರುವ, ತೀರ ಅಗ್ಗದ ಸರಕಿನಿಂದ ದೂರವಿರಿ. ನಾನು ಒಮ್ಮೆ ತಂದ ಹತ್ತರಲ್ಲಿ ಏಳು ಒಳಗೆ ಬೇರೇನೋ ಆಗಿದ್ದವು.

ಇಷ್ಟೆಲ್ಲ ಮಾಡಿದರೂ ರಿಲೇಯ ತುಟಿಗಳೇ ಕಿಡಿಗೆ ಬೆಸೆದುಕೊಂಡು ಬಲ್ಬು ಉರಿಯುತ್ತ ಉಳಿಯುವ ಸಂಭವವಿದೆ. ಯಾವ ಡಯೋಡೂ ಅದನ್ನು ತಡೆಯಲಾರದು. ಆದ್ದರಿಂದ ಬಲ್ಬಿನ ತಂತಿಯಲ್ಲೇ, ನಿಯಂತ್ರಕದ ಬುದ್ಧಿಗೆ ಸಂಬಂಧವಿಲ್ಲದ ಇನ್ನೊಂದು ಥರ್ಮೋಸ್ಟಾಟನ್ನು ಸಾಲಾಗಿ ಸೇರಿಸಿ 38.5 ಡಿಗ್ರಿಗೆ ನಿಲ್ಲಿಸಿರಿ. ಈಥರು ತುಂಬಿದ ಲೋಹದ ಬಿಲ್ಲೆ ಉಬ್ಬಿ ಸ್ವಿಚ್ಚನ್ನು ಒತ್ತುವ ಹಳೆಯ ಕಾಲದ್ದಾದರೂ ಆದೀತು. ನನ್ನ ಈಗಿನ ಪೆಟ್ಟಿಗೆಯಲ್ಲಿ ಅದಿದೆ. ಬಲ್ಬಿನ ತಂತಿಯಲ್ಲಿರುವುದು 230 ವೋಲ್ಟೆಂಬುದನ್ನು ನೆನಪಿಡಿರಿ. ಪ್ಲಗ್ಗು ಕಿತ್ತಿಡದೆ ಒಳಗೆ ಕೈಹಾಕಬೇಡಿ, ಮನೆಯ ಮಕ್ಕಳ ಕೈಗೂ ಸಿಗದಂತೆ ಮುಚ್ಚಿರಿ.

ದೊಡ್ಡವ್ವ ಮರುವರ್ಷ ಮತ್ತೆ ಇಪ್ಪತ್ತು ತತ್ತಿ ಕಳಿಸಿದ್ದಳು, ಈ ಸಲ ಏನೂ ಹೇಳಿ ಕಳಿಸಲಿಲ್ಲ. ಬಾಗೇವಾಡಿಯ ಹುಡುಗ ಡಯೋಡನ್ನು ತನ್ನ ಕೈಯಾರೆ ಬೆಸೆದ. ಇಪ್ಪತ್ತೊಂದನೆಯ ದಿನ ನಸುಕಿನಲ್ಲಿ ಪೆಟ್ಟಿಗೆಯೊಳಗಿನಿಂದ ಚಿಂವ್ ಎಂದದ್ದನ್ನು ಮೊದಲು ಕೇಳಿದವಳು ನನ್ನ ಹೆಂಡತಿ. ಹದಿನಾಲ್ಕು ಮರಿಗಳಾದವು. ಬುಟ್ಟಿಯಲ್ಲಿಟ್ಟು ಇಂಡಿಯ ಬಸ್ಸಿನಲ್ಲಿ ಒಯ್ದುಕೊಟ್ಟಾಗ ದೊಡ್ಡವ್ವ ಒಂದೊಂದನ್ನೇ ಎತ್ತಿ ಕಾಲು ನೋಡಿ, "ಉಳದ ಆರು ಎಲ್ಲಿ?" ಎಂದು ಕೇಳಿದಳು. ಹ್ಯಾಟೆಯ ಕೆಳಗೂ ಎಲ್ಲವೂ ಮರಿಯಾಗುವುದಿಲ್ಲವೆಂದು ಅವಳಿಗೆ ನಾನು ತಿಳಿಸಿ ಹೇಳಬೇಕಾಯಿತು!

ಮುದ್ದೇಬಿಹಾಳದ ಮಿತ್ರರೆ, ಪೆಟ್ಟಿಗೆಯನ್ನು ಮೊದಲು ಮೂರು ದಿನ ತತ್ತಿಯಿಲ್ಲದೆ, ಒಳಗೆ ನೀರು ತುಂಬಿದ ಬಾಟಲಿಗಳನ್ನಿಟ್ಟು ಓಡಿಸಿರಿ. ಹಗಲೂ ರಾತ್ರಿಯೂ ಎರಡೆರಡು ತಾಸಿಗೊಮ್ಮೆ ಉಷ್ಣತೆಯನ್ನು ಬರೆದಿಡಿರಿ. ಪಂಪು ಏಳುವ ಹೊತ್ತನ್ನೂ ನಡುರಾತ್ರಿಯನ್ನೂ ತಪ್ಪಿಸಬೇಡಿ. ಮೂರು ದಿನದ ಬರಹದಲ್ಲಿ 37.2 ಮತ್ತು 37.9ರ ಆಚೀಚೆ ಒಂದು ಅಂಕಿಯೂ ಇಲ್ಲದಿದ್ದರೆ ನಿಮ್ಮ ತಂಗಿಯವರಿಗೆ ತತ್ತಿ ಕೊಳ್ಳಲು ಹೇಳಿರಿ. ದಿನಕ್ಕೆ ಮೂರು ಸಲವಾದರೂ ಹೊರಳಿಸಿರಿ, ಹದಿನೆಂಟನೆಯ ದಿನದಿಂದ ಮುಟ್ಟಬೇಡಿ. ಇಪ್ಪತ್ತೆರಡನೆಯ ದಿನ ಅರವತ್ತರಲ್ಲಿ ಎಷ್ಟಾದವೆಂದು ನನಗೊಂದು ಕಾರ್ಡು ಹಾಕಿರಿ.